ವಾಡಿ ಜಂಕ್ಷನ್ನಿನಿಂದ ರೋಮ್ ನಗರಕ್ಕೆ

1931ನೆಯ ಇಸವಿ ಫೆಬ್ರವರಿ 12ರಂದು ರೋಮ್ ನಗರದ ವ್ಯಾಟಿಕನ್ ಗುಡ್ಡದ ಮೇಲೆ ಒಂದು ಹೊಸ ಬಾನುಲಿ ನಿಲಯ ಕೆಲಸಕ್ಕೆ ತೊಡಗಿತು. ಅದನ್ನು ಕಟ್ಟಿಕೊಟ್ಟವನು ಮಾರ್ಕೋನಿ. ನಿಮ್ಮ ಮನೆಯ ರೇಡಿಯೊ ಪೆಟ್ಟಿಗೆಯ ವಂಶವನ್ನು ಕೆದಕುತ್ತ ಹೋದರೆ ಮೂಲಪುರುಷರ ಸಾಲಿನಲ್ಲಿ ಸಿಗುವ ಅದೇ ಮಾರ್ಕೋನಿ. ಅಂದು ಹನ್ನೊಂದನೆಯ ಪಯಸ್ ಪೋಪರು ಲ್ಯಾಟಿನ್ ಭಾಷೆಯಲ್ಲಿ ಇಡೀ ಜಗತ್ತನ್ನು ಉದ್ದೇಶಿಸಿ ಮಾತನಾಡಿದರು. ಅದಕ್ಕೆ ಹಿಂದಿನ ಶತಮಾನಗಳಲ್ಲೆಲ್ಲ ಪೋಪರ ಮಾತನ್ನು ಕಿವಿಯಾರೆ ಕೇಳಬೇಕೆಂದವರು ಅವರಿದ್ದ ಊರಿಗೇ ನಡೆದು ಹೋಗಬೇಕಾಗಿತ್ತು.

ಕ್ರಿಸ್ಮಸ್ ಹಬ್ಬಕ್ಕೂ ಈಸ್ಟರ್ ಹಬ್ಬಕ್ಕೂ ಪೋಪರು 'ನಗರಕ್ಕೂ ಲೋಕಕ್ಕೂ' ಎಂದು ಒಂದು ಆಶೀರ್ವಾದ ಕೊಡುತ್ತಾರೆ. ಅದನ್ನು ರೇಡಿಯೊದಲ್ಲಿ ಭಕ್ತಿಯಿಂದ ಕೇಳಿದವನಿಗೂ ಅಂಗಳದಲ್ಲಿ ನಿಂತು ಕೇಳಿದವನಿಗೂ ಫಲ ಒಂದೇ ಎಂದು ಕಥೋಲಿಕ ಸಭೆಯೇ ಹೇಳಿದೆ. ಹಾಗಾದರೆ ರೋಮಿಗೆ ಹೋಗುವುದೇಕೆ? ಪೆಟ್ಟಿಗೆಯ ಕಿವಿ ತಿರುವಿದರೆ ಸಾಲದೆ? ಆದರೂ 2025ರ ಜ್ಯುಬಿಲಿ ವರ್ಷದಲ್ಲಿ ಕೋಟಿಗಟ್ಟಲೆ ಜನ ರೋಮಿಗೆ ಹೋಗಿ ಬಂದರು.

ಈ ಪ್ರಶ್ನೆಯನ್ನು ಸೇಡಂ, ಚಿತ್ತಾಪುರದ ಓದುಗರ ಮುಂದಿಡುವುದಕ್ಕೆ ಕಾರಣವಿದೆ. ಇದಕ್ಕೆ ಉತ್ತರ ನಿಮಗೆ ಗೊತ್ತು. ಬೆಳಗಿನ ಆರು ಗಂಟೆಗೆ ನಿಮ್ಮ ರೇಡಿಯೊದಲ್ಲಿ ಅಭಂಗ ಬರುತ್ತದೆ, ದಾಸರ ಪದ ಬರುತ್ತದೆ. ಆದರೂ ಆಷಾಢ ಬಂತೆಂದರೆ ಪಂಢರಪುರದ ಕಡೆಗೆ ದಿಂಡಿ ಹೊರಡುವುದು ನಿಲ್ಲುವುದಿಲ್ಲ. ಹುಣ್ಣಿಮೆಗೆ ಗಾಣಗಾಪುರದ ಗಾಡಿ ತುಂಬುವುದು ನಿಲ್ಲುವುದಿಲ್ಲ. ಕಲಬುರಗಿಯ ಬಂದೇನವಾಜರ ಉರುಸಿಗೆ ಬುತ್ತಿ ಕಟ್ಟಿಕೊಂಡು ಹೋಗುವವರಲ್ಲಿ ಮುಸಲ್ಮಾನರಷ್ಟೇ ಇರುವುದಿಲ್ಲ. ಚಿಂಚೋಳಿ ಗುಡ್ಡದ ತಾಂಡಾಗಳಿಂದ ರಾಮನವಮಿಗೆ ಸೇವಾಲಾಲರ ಪೋಹರಾದೇವಿಗೆ ಹೋಗುವವರನ್ನು ನೀವು ನೋಡಿದ್ದೀರಿ. ಕಿವಿಗೆ ದೇವರು ಬಂದರೂ ಕಾಲಿಗೆ ಸಮಾಧಾನವಿಲ್ಲ.

ಕಥೋಲಿಕ ಯಾತ್ರಿಕನೊಬ್ಬ ರೋಮಿನಲ್ಲಿ ಏನನ್ನು ಹುಡುಕುತ್ತಾನೆ, ಅಲ್ಲಿಯ ಮೂರ್ತಿ ಚಿತ್ರಗಳನ್ನು ಯಾವ ಕಣ್ಣಿನಿಂದ ನೋಡುತ್ತಾನೆ, ಪೋಪ್ ಎಂಬ ಪೀಠ ಅವನಿಗೆ ಏನಾಗಬೇಕು, ಇದನ್ನು ನಮ್ಮ ಸೀಮೆಯ ದೃಷ್ಟಾಂತಗಳಿಂದಲೇ ತಿಳಿಯಬಹುದು. ದೂರದ ಪುಸ್ತಕ ಬೇಕಿಲ್ಲ. ಮಳಖೇಡವೂ ಸನ್ನತಿಯೂ ಸಾಕು.

ಮೊದಲು ಒಂದು ಗೊಂದಲವನ್ನು ಬಿಡಿಸಿಬಿಡೋಣ. ಕ್ರೈಸ್ತರೆಲ್ಲ ಪೋಪರ ಶಿಷ್ಯರಲ್ಲ. ಬೀದರ, ಕಲಬುರಗಿ ಕಡೆಯ ಕ್ರೈಸ್ತರಲ್ಲಿ ಮೆಥೊಡಿಸ್ಟ್ ಸಭೆಯವರು ಬಹಳ. ಅವರಿಗೆ ಪೋಪರೂ ಇಲ್ಲ, ಮಾತೆ ಮರಿಯಮ್ಮನ ಮೂರ್ತಿಯೂ ಇಲ್ಲ. ಕಥೋಲಿಕರು ಇಲ್ಲಿ ಸ್ವಲ್ಪ ಮಂದಿ. ಆದರೆ ಅವರ ಇತಿಹಾಸ ನಿನ್ನೆ ಮೊನ್ನೆಯದಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿ ಕಾಲದಿಂದ, ಗೋವೆಯ ಜೆಸುಯಿಟ್ ಪಾದ್ರಿಗಳಿಂದ ದೀಕ್ಷೆ ಪಡೆದ ಕನ್ನಡ ಕಥೋಲಿಕ ಮನೆತನಗಳಿವೆ. ವಾಡಿ, ಶಹಾಬಾದುಗಳ ಮಾತು ಬೇರೆ. ಅವು ಹಳಿ, ಕಲ್ಲು, ಸಿಮೆಂಟುಗಳಿಂದ ಬೆಳೆದ ಊರುಗಳು. 1871ರಲ್ಲಿ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ನಿಜಾಮ ಸರಕಾರ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹಳಿ ಹಾಕಿಸಿತು. ಇಂಥ ಊರುಗಳಿಗೆ ಕೆಲಸಕ್ಕೆ ಬಂದವರ ಜೊತೆಗೆ ಅವರವರ ದೇವರೂ ಬರುತ್ತಾನೆ. 2005ರಲ್ಲಿ ಕಲಬುರಗಿಗೆ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, ಬಿಷಪ್ಪರೂ ಬಂದರು. ಆ ಬಿಷಪ್ಪರನ್ನು ನೇಮಿಸುವವರು ರೋಮಿನ ಪೋಪರು. ಆದ್ದರಿಂದ ವಾಡಿಯ ಕಥೋಲಿಕನಿಗೆ ರೋಮು ನಕ್ಷೆಯ ಮೇಲಿನ ಬರಿಯ ಚುಕ್ಕೆಯಲ್ಲ. ಅವನ ಮಗುವಿನ ಜ್ಞಾನಸ್ನಾನವನ್ನು ಬರೆದಿಡುವ ಚರ್ಚಿನ ದಫ್ತರಿಗೂ ಆ ನಗರಕ್ಕೂ ಒಂದು ದಾರ ಕಟ್ಟಿದೆ.

ಈಗ ಅಂಥ ಒಬ್ಬ ಗೃಹಸ್ಥ ವಾಡಿಯಲ್ಲಿ ಗಾಡಿ ಹತ್ತಿ, ಮುಂಬಯಿಯಲ್ಲಿ ವಿಮಾನ ಏರಿ, ರೋಮಿಗೆ ಹೊರಟನೆಂದಿಟ್ಟುಕೊಳ್ಳಿ.

ಹೋಗಲೇಬೇಕೆಂಬ ವಿಧಿ ಅವನಿಗಿಲ್ಲ. ಶಕ್ತಿಯುಳ್ಳ ಮುಸಲ್ಮಾನನಿಗೆ ಹಜ್ ಕರ್ತವ್ಯ. ಕಥೋಲಿಕನಿಗೆ ಯಾತ್ರೆ ಕರ್ತವ್ಯವಲ್ಲ. ಹರಕೆ ಹೊತ್ತು ಹೋಗಬಹುದು, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಹೋಗಬಹುದು, ಮಗಳ ಕಾಯಿಲೆ ವಾಸಿಯಾಯಿತೆಂದು ಕೃತಜ್ಞತೆಗೆ ಹೋಗಬಹುದು. 1300ನೆಯ ಇಸವಿಯಲ್ಲಿ ಎಂಟನೆಯ ಬೋನಿಫಾಸ್ ಪೋಪರು ಮೊದಲ ಜ್ಯುಬಿಲಿ ವರ್ಷವನ್ನು ಸಾರಿದರು. ಮುಂದೆ ಇಪ್ಪತ್ತೈದು ವರ್ಷಕ್ಕೊಂದು ಎಂಬ ರೂಢಿ ನಿಂತಿತು. ಆ ವರ್ಷ ಮಾತ್ರ ರೋಮಿನ ದೊಡ್ಡ ದೇವಾಲಯಗಳಲ್ಲಿ 'ಪವಿತ್ರ ದ್ವಾರ'ವನ್ನು ತೆರೆಯುತ್ತಾರೆ; ಅದನ್ನು ದಾಟಿ, ಪಾಪನಿವೇದನೆ ಮಾಡಿ, ಪ್ರಸಾದ ಸ್ವೀಕರಿಸಿದವನಿಗೆ ಪಾಪದ ಶಿಕ್ಷೆಯಲ್ಲಿ ವಿನಾಯಿತಿ. ಇಲ್ಲಿ ಒಂದು ಸೂಕ್ಷ್ಮವಿದೆ. ದ್ವಾರ ದಾಟಿದ ಮಾತ್ರಕ್ಕೆ ಪಾಪ ಕ್ಷಮೆಯಾಗುವುದಿಲ್ಲ. ಕ್ಷಮೆ ಪಶ್ಚಾತ್ತಾಪದಿಂದ. ಕ್ಷಮೆಯಾದ ಮೇಲೂ ತೀರಿಸಬೇಕಾಗಿ ಉಳಿದ ಋಣದಲ್ಲಿ ರಿಯಾಯಿತಿ, ಅಷ್ಟೆ. ಸಾಲಿಗನು ಬಡ್ಡಿ ಬಿಟ್ಟಂತೆ ಎಂದುಕೊಳ್ಳಿ. ಈ ಸೂಕ್ಷ್ಮವನ್ನು ಮರೆತಾಗ ಏನು ಅನಾಹುತವಾಯಿತೆಂಬುದು ಮುಂದೆ ಬರುತ್ತದೆ.

ನಮ್ಮ ಯಾತ್ರಿಕ ರೋಮಿನಲ್ಲಿ ಇಳಿದು ಮೊದಲು ಎಲ್ಲಿಗೆ ಹೋಗುತ್ತಾನೆ? ಪೋಪರನ್ನು ನೋಡಲು ಎಂದು ನೀವು ಊಹಿಸಬಹುದು. ಅಲ್ಲ. ಒಂದು ಗೋರಿಗೆ ಹೋಗುತ್ತಾನೆ.

ಗಲಿಲಾಯ ಸರೋವರದಲ್ಲಿ ಬಲೆ ಬೀಸುತ್ತಿದ್ದ ಪೇತ್ರನೆಂಬ ಬೆಸ್ತ ಏಸುವಿನ ಶಿಷ್ಯರಲ್ಲಿ ಮುಖ್ಯನು. ನೀರೋ ಚಕ್ರವರ್ತಿಯ ಕಾಲದಲ್ಲಿ, ಕ್ರಿಸ್ತಶಕ 64ರ ಸುಮಾರಿಗೆ, ಅವನನ್ನು ರೋಮಿನಲ್ಲಿ ಕೊಂದರು. ವ್ಯಾಟಿಕನ್ ಗುಡ್ಡದ ಸ್ಮಶಾನದಲ್ಲಿ ಹೂಳಿದರು ಎಂಬುದು ಕಥೋಲಿಕರ ಪರಂಪರೆ. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಗುಡ್ಡದ ಇಳಿಜಾರನ್ನೇ ಕಡಿದು ಸಮಮಾಡಿ, ಆ ಗೋರಿಯ ಮೇಲೆ ದೇವಾಲಯ ಕಟ್ಟಿಸಿದ. ಸಮತಟ್ಟಾದ ಜಾಗ ರೋಮಿನಲ್ಲಿ ಬೇಕಾದಷ್ಟಿತ್ತು. ಆದರೂ ಇಷ್ಟು ಕಷ್ಟಪಟ್ಟದ್ದು ಆ ಒಂದು ಗೋರಿಗಾಗಿ. ಈಗಿರುವ ಸಂತ ಪೇತ್ರನ ಮಹಾದೇವಾಲಯ ಅದೇ ಸ್ಥಳದಲ್ಲಿ 1506ರಲ್ಲಿ ಅಡಿಗಲ್ಲು ಹಾಕಿ 1626ರಲ್ಲಿ ಪ್ರತಿಷ್ಠೆ ಮಾಡಿದ್ದು. 1940ರಿಂದ 1949ರ ತನಕ ಅದರ ನೆಲದಡಿ ಅಗೆದು ನೋಡಿದಾಗ ಹಳೆಯ ರೋಮನ್ನರ ಗೋರಿಗಳ ಸಾಲೇ ಸಿಕ್ಕಿತು. ನಡುವೆ ಒಂದು ಸಣ್ಣ ಗುಡಿಯಂಥ ರಚನೆಯೂ ಕಂಡಿತು. ಅಲ್ಲಿ ದೊರೆತ ಎಲುಬುಗಳು ಪೇತ್ರನವೇ ಎಂದು 1968ರಲ್ಲಿ ಆರನೆಯ ಪಾಲ್ ಪೋಪರು ಸಾರಿದರು. ಪುರಾತತ್ವದ ಪಂಡಿತರೆಲ್ಲ ಅದನ್ನು ಒಪ್ಪಿಲ್ಲ. ಯಾತ್ರಿಕನು ಪಂಡಿತರ ತೀರ್ಪಿಗಾಗಿ ಕಾಯುತ್ತ ನಿಲ್ಲುವುದೂ ಇಲ್ಲ.

ಇದನ್ನು ಮಳಖೇಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೇಡಂನಿಂದ ಕಲಬುರಗಿಯ ದಾರಿಯಲ್ಲಿ ಕಾಗಿಣಾ ನದಿಯ ದಡದ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ರಾಜಧಾನಿ ಮಾಡಿಕೊಂಡ ಊರು. 972ರಲ್ಲಿ ಪರಮಾರರ ಸೀಯಕ ಸೂರೆ ಮಾಡಿಹೋದ ಊರು. ಅಂದಿನ ಅರಮನೆಯ ವೈಭವವನ್ನು ಈಗ ಪುಸ್ತಕದಲ್ಲಿ ಓದಬೇಕು. ಆದರೆ ಆಷಾಢ ಬಹುಳ ಪಂಚಮಿಯ ದಿನ ನೋಡಿ: ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ಆರಾಧನೆಗೆ ಬೃಂದಾವನದ ಮುಂದೆ ಕಾಲಿಡಲು ಜಾಗ ಸಿಗದು. ಆ ಬೃಂದಾವನದ ವಿಷಯದಲ್ಲಿಯೂ ಮಠಮಠಗಳ ನಡುವೆ ಅಭಿಪ್ರಾಯಭೇದವಿದೆ. ಭಕ್ತರ ಪ್ರದಕ್ಷಿಣೆ ಅದಕ್ಕಾಗಿ ನಿಂತಿಲ್ಲ. ಚಕ್ರವರ್ತಿಯ ಸಿಂಹಾಸನ ಎಲ್ಲಿತ್ತೆಂದು ಕೇಳುವವರು ನೂರಕ್ಕೊಬ್ಬರು. ಯತಿಯ ಸಮಾಧಿಗೆ ದಾರಿ ಕೇಳುವವರು ಉಳಿದವರೆಲ್ಲ. 1422ರಲ್ಲಿ ದೇಹಬಿಟ್ಟ ಬಂದೇನವಾಜರ ದರ್ಗಾದ ಕತೆಯೂ ಇದೇ. ಬಹಮನಿ ಸುಲ್ತಾನರ ಗುಮ್ಮಟಗಳಿಗೆ ಹೂವು ಏರಿಸುವವರು ಯಾರು?

ಹಾಗಾದರೆ ಪೀಠಾಧಿಪತಿ ಊರಲ್ಲಿಲ್ಲದಿದ್ದರೆ? ರೋಮಿನ ಇತಿಹಾಸದಲ್ಲಿ ಇದಕ್ಕೂ ಉತ್ತರವಿದೆ. 1309ರಿಂದ 1377ರ ತನಕ ಪೋಪರು ರೋಮನ್ನು ಬಿಟ್ಟು ಫ್ರಾನ್ಸಿನ ಕಡೆಯ ಆವಿನ್ಯೋನ್ ನಗರದಲ್ಲಿ ಕುಳಿತರು. 1350ರಲ್ಲಿ ಆರನೆಯ ಕ್ಲೆಮೆಂಟ್ ಪೋಪರು ಜ್ಯುಬಿಲಿಯನ್ನೇನೋ ಸಾರಿದರು, ತಾವು ಮಾತ್ರ ಆವಿನ್ಯೋನಿನಿಂದ ಕದಲಲಿಲ್ಲ. ಜನ ಪೋಪರಿಲ್ಲದ ರೋಮಿಗೆ ಗುಂಪುಗುಂಪಾಗಿ ಬಂದರು! ಪೋಪರಿದ್ದ ಆವಿನ್ಯೋನಿಗೆ ಹೋದವರು ಅರ್ಜಿ ಹಿಡಿದವರು, ವ್ಯಾಜ್ಯ ಉಳ್ಳವರು. ಆದರೆ ಪೀಠವಿಲ್ಲದ ಊರಿನ ಗುಡಿಗಳು ಹಾಳುಬಿದ್ದದ್ದೂ ನಿಜ. 1361ರಲ್ಲಿ ಲ್ಯಾಟೆರನ್ ದೇವಾಲಯ ಬೆಂಕಿಗೆ ತುತ್ತಾಯಿತು. ಕಡೆಗೆ ಸಿಯೆನಾ ಊರಿನ ಕ್ಯಾಥರೀನ್ ಎಂಬ ತಪಸ್ವಿನಿ, ಬಣ್ಣ ಹಾಕುವ ಕಸಬಿನವನ ಮಗಳು, ಹನ್ನೊಂದನೆಯ ಗ್ರೆಗೊರಿ ಪೋಪರಿಗೆ 'ಬನ್ನಿ, ನಿಮ್ಮ ಜಾಗಕ್ಕೆ ಬನ್ನಿ' ಎಂಬ ಅರ್ಥದ ಪತ್ರಗಳನ್ನು ಬರೆದು ಬರೆದು ಪೀಡಿಸಿದಳು. ಜಗದ್ಗುರುವಿಗೆ ಬುದ್ಧಿ ಹೇಳಲು ಒಬ್ಬ ಹೆಣ್ಣುಮಗಳು ಹೆದರಲಿಲ್ಲ ಎಂಬುದನ್ನು ಅಕ್ಕನ ನಾಡಿನವರು ಗಮನಿಸಬೇಕು.

ಇನ್ನು ಮೂರ್ತಿಯ ವಿಷಯ.

ಯಾತ್ರಿಕ ಮಹಾದೇವಾಲಯದ ಒಳಗೆ ಹೋಗುತ್ತಾನೆ. ಬಲಗಡೆಯ ಮೊದಲ ಗೂಡಿನಲ್ಲಿ ಮೈಕೆಲಾಂಜೆಲೊ ಕೆತ್ತಿದ 'ಪಿಯೆತಾ' ಇದೆ: ಶಿಲುಬೆಯಿಂದ ಇಳಿಸಿದ ಮಗನ ದೇಹವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ ತಾಯಿ. 1499ರ ಹೊತ್ತಿಗೆ ಮುಗಿದ ಕೆಲಸ. ಶಿಲ್ಪಿಗೆ ಆಗ ಇಪ್ಪತ್ತನಾಲ್ಕರ ಪ್ರಾಯ. ಕಲ್ಲು ಆರಿಸಲು ತಾನೇ ಕರಾರಾ ಎಂಬ ಗಣಿಯ ಊರಿಗೆ ಹೋಗಿದ್ದನಂತೆ. ಶಹಾಬಾದಿನ ಕಲ್ಲುಗಣಿಯವರಿಗೆ ಇದರ ಅರ್ಥ ಚೆನ್ನಾಗಿ ಆಗುತ್ತದೆ. ಪದರ ನೋಡಿ, ಬಡಿದು ನಾದ ಕೇಳಿ ಕಲ್ಲು ಆರಿಸುವುದು ಕುರ್ಚಿಯ ಮೇಲೆ ಕುಳಿತು ಆಗುವ ಕೆಲಸವಲ್ಲ.

ಆ ತಾಯಿಯ ಮುಂದೆ ನಮ್ಮ ಯಾತ್ರಿಕ ಮೊಣಕಾಲೂರುತ್ತಾನೆ. ಕಲ್ಲನ್ನು ಪೂಜಿಸುತ್ತಾನೆಯೆ? ಈ ಪ್ರಶ್ನೆಯನ್ನು ನಮ್ಮನ್ನು ಕೇಳಿದವರುಂಟು, ಅವರವರಲ್ಲೇ ಕೇಳಿಕೊಂಡವರೂ ಉಂಟು. ಕ್ರಿಸ್ತಶಕ 600ರ ಸುಮಾರಿಗೆ ಮಾರ್ಸೇಲ್ ಪಟ್ಟಣದ ಬಿಷಪ್ಪನೊಬ್ಬ ಚರ್ಚಿನ ಚಿತ್ರಗಳನ್ನು ಒಡೆಸಿಹಾಕಿದ. ಅವನಿಗೆ ಗ್ರೆಗೊರಿ ಪೋಪರು ಬರೆದ ಉತ್ತರದ ಸಾರ ಇಷ್ಟು: ಚಿತ್ರವನ್ನು ಪೂಜಿಸಬೇಡವೆಂದದ್ದು ಸರಿ, ಒಡೆದದ್ದು ತಪ್ಪು, ಅಕ್ಷರ ಬಲ್ಲವರಿಗೆ ಪುಸ್ತಕ ಹೇಗೋ ಬಾರದವರಿಗೆ ಚಿತ್ರ ಹಾಗೆ. ಮುಂದೆ ಪೂರ್ವದ ಕ್ರೈಸ್ತರಲ್ಲಿ ಮೂರ್ತಿಭಂಜಕರ ಕಾಲವೊಂದು ಬಂತು; ಕಡೆಗೆ 787ರಲ್ಲಿ ನಿಕೇಯ ನಗರದಲ್ಲಿ ಕೂಡಿದ ಮಹಾಸಭೆ, ಬಿಂಬಕ್ಕೆ ಸಲ್ಲಿಸಿದ ಗೌರವ ಬಿಂಬದಲ್ಲಿ ನಿಲ್ಲದೆ ಯಾರ ಬಿಂಬವೋ ಅವರನ್ನು ಮುಟ್ಟುತ್ತದೆ ಎಂದು ತೀರ್ಮಾನಿಸಿತು. ಅರ್ಚನೆ ಬೇರೆ, ಗೌರವ ಬೇರೆ; ಮೊದಲನೆಯದು ದೇವರೊಬ್ಬನಿಗೆ. ಎಲ್ಲ ಭಕ್ತರೂ ಈ ಗೆರೆಯನ್ನು ನೋಡಿ ನಡೆಯುತ್ತಾರೆಂದಲ್ಲ. ಆ ದೇವಾಲಯದಲ್ಲಿಯೇ ಸಂತ ಪೇತ್ರನ ಒಂದು ಕಂಚಿನ ಮೂರ್ತಿಯಿದೆ. ಶತಮಾನಗಳಿಂದ ಯಾತ್ರಿಕರು ಮುಟ್ಟಿ, ಮುತ್ತಿಟ್ಟು, ಅದರ ಬಲಪಾದದ ಬೆರಳುಗಳೆಲ್ಲ ಸವೆದು ನುಣುಪಾಗಿವೆ. ಶಾಸ್ತ್ರಕಾರರ ಗೆರೆ ಕಾಗದದ ಮೇಲಿದೆ. ಭಕ್ತಿಯ ಗೆರೆ ಆ ಪಾದದ ಮೇಲಿದೆ.

ಕರ್ನಾಟಕದಲ್ಲಿಯೇ ಇಂಥ ಕಲೆ ನೋಡಬೇಕೆಂದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಹೋಗಿ. ಇಟಲಿಯ ಬೆರ್ಗಮೊ ಸೀಮೆಯ ಆಂತೋನಿಯೊ ಮೊಸ್ಕೇನಿ ಎಂಬ ಜೆಸುಯಿಟ್ ಸಹೋದರ 1899ರಿಂದ ಮೊದಲುಮಾಡಿ ಅದರ ಗೋಡೆ ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ. ಹಸಿ ಗಾರೆಯ ಮೇಲೆ ಬಣ್ಣ ಹಾಕುವುದು ಕಷ್ಟದ ಕೆಲಸ; ಗಾರೆ ಒಣಗುವುದರೊಳಗೆ ಕೈ ಮುಗಿಯಬೇಕು, ತಪ್ಪಿದರೆ ಕೆರೆದು ಮತ್ತೆ ಗಾರೆ ಹಚ್ಚಬೇಕು. ಮಂಗಳೂರಿನ ಮಳೆಗಾಳಿಯಲ್ಲಿ ಇದನ್ನು ಮಾಡಿದ ಪುಣ್ಯಾತ್ಮ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ, ಪ್ರವಾಸಿಗಳೂ ಬರುತ್ತಾರೆ.

ಮಹಾದೇವಾಲಯದ ಕಟ್ಟಡದಲ್ಲಿ ಒಂದು ಕಹಿ ಕತೆಯೂ ಅಡಗಿದೆ. ಇಷ್ಟು ದೊಡ್ಡ ಗುಡಿಗೆ ಹಣ ಎಲ್ಲಿಂದ? ಹತ್ತನೆಯ ಲಿಯೋ ಪೋಪರ ಕಾಲದಲ್ಲಿ, ಕಟ್ಟಡಕ್ಕೆ ಕಾಣಿಕೆ ಕೊಟ್ಟವರಿಗೆ ಮೇಲೆ ಹೇಳಿದ ಶಿಕ್ಷಾವಿನಾಯಿತಿಯ ಪತ್ರಗಳನ್ನು ಜರ್ಮನ್ ಸೀಮೆಯಲ್ಲಿ ಹಂಚಿದರು. ಹಂಚಿದರು ಎನ್ನುವುದು ಮೃದುವಾದ ಮಾತು, ಮಾರಿದರು. ಬಡವನ ಕಣ್ಣಿಗೆ ಅದು ಪಾಪಕ್ಕೆ ಪಾವತಿ ಪಡೆದಂತೆಯೇ ಕಂಡಿತು. 1517ರಲ್ಲಿ ಮಾರ್ಟಿನ್ ಲೂಥರ್ ಇದನ್ನು ಪ್ರತಿಭಟಿಸಿ ಬರೆದ. ಪಶ್ಚಿಮದ ಕ್ರೈಸ್ತ ಸಭೆ ಎರಡಾಗಿ ಒಡೆಯಿತು. ಕಲಬುರಗಿಯ ಮೆಥೊಡಿಸ್ಟ್ ಚರ್ಚಿನಲ್ಲಿ ಪೋಪರ ಹೆಸರಿಲ್ಲದಿರುವುದಕ್ಕೆ ಬೇರು ಅಲ್ಲಿದೆ. ನಾವು ಬಸವಣ್ಣನವರ ಸೀಮೆಯವರು. ಉಳ್ಳವರ ಗುಡಿಕಟ್ಟುವ ಪುಣ್ಯವನ್ನು ಪ್ರಶ್ನಿಸಿದವರ ಮಾತು ನಮ್ಮ ಮಕ್ಕಳ ಬಾಯಲ್ಲಿದೆ. ಲೂಥರನ ಸಿಟ್ಟು ನಮಗೆ ಪರಕೀಯವಲ್ಲ. ಹಾಗೆಂದು ಆ ಗುಮ್ಮಟದಡಿ ನಿಂತವನಿಗೆ ಅದರ ಸೊಬಗು ಸುಳ್ಳೆನಿಸುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದೇ ಪ್ರಾಮಾಣಿಕ ಯಾತ್ರಿಕನ ಕಷ್ಟ. ಕಥೋಲಿಕ ಸಭೆಯೂ ಮುಂದೆ ಈ ಪತ್ರಗಳ ಮಾರಾಟವನ್ನು ನಿಷೇಧಿಸಿತು.

ಪೀಠದ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡ ಕಥೋಲಿಕರು ಪೋಪರನ್ನು ಜಗದ್ಗುರುಗಳೆಂದು ಕರೆಯುವುದುಂಟು. ಶಬ್ದ ನಮಗೆ ಪರಿಚಿತ, ಅರ್ಥ ಪೂರ್ತಿ ಒಂದಲ್ಲ. ನಮ್ಮ ಮಠಗಳಲ್ಲಿ ಸಾಮಾನ್ಯವಾಗಿ ಹಿರಿಯ ಸ್ವಾಮಿಗಳು ತಮ್ಮ ಉತ್ತರಾಧಿಕಾರಿಯನ್ನು ತಾವೇ ಆರಿಸಿ ಆಶ್ರಮ ಕೊಡುತ್ತಾರೆ. ಪೋಪರಿಗೆ ಆ ಅಧಿಕಾರವಿಲ್ಲ. ಪೋಪರು ತೀರಿಕೊಂಡ ಮೇಲೆ ಎಂಬತ್ತು ವಯಸ್ಸು ದಾಟದ ಕಾರ್ಡಿನಲ್ಲರು ಒಂದೆಡೆ ಕೂಡಿ, ಬಾಗಿಲು ಹಾಕಿಕೊಂಡು, ಚೀಟಿ ಹಾಕುತ್ತಾರೆ; ಮೂರರಲ್ಲೆರಡು ಪಾಲು ಮತ ಒಬ್ಬರಿಗೆ ಬೀಳುವ ತನಕ ಮತ್ತೆ ಮತ್ತೆ ಹಾಕುತ್ತಾರೆ. ಒಮ್ಮತವಾಗದಿದ್ದರೆ ಹೊಗೆಕೊಳವೆಯಿಂದ ಕರಿ ಹೊಗೆ, ಆದರೆ ಬಿಳಿ ಹೊಗೆ. 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ಪೋಪರು ತೀರಿಕೊಂಡರು. ಮೇ 8ರಂದು 133 ಮಂದಿ ಕಾರ್ಡಿನಲ್ಲರ ಸಭೆ ಹದಿನಾಲ್ಕನೆಯ ಲಿಯೋ ಅವರನ್ನು ಆರಿಸಿತು. ಅಮೆರಿಕದ ಷಿಕಾಗೊದಲ್ಲಿ ಹುಟ್ಟಿ ಪೆರು ದೇಶದಲ್ಲಿ ಬಹುಕಾಲ ಸೇವೆ ಮಾಡಿದವರು. ಈ ಚುನಾವಣೆ ನಡೆಯುವ ಕೋಣೆ ಸಿಸ್ಟೀನ್ ಪ್ರಾರ್ಥನಾಲಯ. ಅದರ ಚಾವಣಿಯ ಚಿತ್ರಗಳನ್ನು ಮೈಕೆಲಾಂಜೆಲೊ 1508ರಿಂದ 1512ರ ತನಕ ಬರೆದ. ಎದುರುಗೋಡೆಯ 'ಅಂತಿಮ ತೀರ್ಪು' 1541ರಲ್ಲಿ ಮುಗಿಯಿತು. ಮತದ ಚೀಟಿ ಹಿಡಿದ ಪ್ರತಿಯೊಬ್ಬ ಕಾರ್ಡಿನಲ್ಲನೂ ಆ ಗೋಡೆಯ ಮುಂದೆ, ನರಕಕ್ಕೆ ಬೀಳುವವರ ಚಿತ್ರವನ್ನು ನೋಡುತ್ತ ಪ್ರಮಾಣ ಮಾಡಿ ಚೀಟಿ ಹಾಕಬೇಕು. ಚಿತ್ರವನ್ನು ಅಲಂಕಾರಕ್ಕೆ ಬರೆಯದೆ ಕೆಲಸಕ್ಕೆ ಹಚ್ಚಿದ್ದೆಂದರೆ ಇದು. ಬೇರೆ ದಿನಗಳಲ್ಲಿ ಟಿಕೇಟು ಕೊಂಡು ಯಾರು ಬೇಕಾದರೂ ನೋಡಬಹುದು.

ಎರಡನೆಯ ತಪ್ಪು ತಿಳಿವಳಿಕೆ 'ಪೋಪರು ಎಂದೂ ತಪ್ಪು ಮಾಡುವುದಿಲ್ಲವಂತೆ' ಎಂಬುದು. 1870ರ ವ್ಯಾಟಿಕನ್ ಮಹಾಸಭೆ ಹೇಳಿದ್ದು ಬೇರೆ: ವಿಶ್ವಾಸ ಅಥವಾ ನೀತಿಯ ಒಂದು ವಿಷಯವನ್ನು ಪೀಠದಿಂದ, ಇಡೀ ಸಭೆಗೆ, ಕಡೆಯ ಮಾತೆಂದು ಸಾರಿದಾಗ ಮಾತ್ರ ಅದರಲ್ಲಿ ತಪ್ಪಿರದು. ಆಮೇಲೆ ಹೀಗೆ ಸಾರಿದ್ದು ಒಂದೇ ಸಲ, 1950ರಲ್ಲಿ, ಮರಿಯಮ್ಮನ ಸ್ವರ್ಗಾರೋಹಣದ ವಿಷಯ. ಹವೆಯ ಬಗ್ಗೆಯೋ ರಾಜಕೀಯದ ಬಗ್ಗೆಯೋ ಪೋಪರು ಆಡಿದ ಮಾತು ನಿಮ್ಮ ನನ್ನ ಮಾತಿನಂತೆ ಚರ್ಚೆಗೆ ಒಳಪಟ್ಟದ್ದೇ. ಪೋಪರೂ ವಾರಕ್ಕೋ ತಿಂಗಳಿಗೋ ಬೇರೊಬ್ಬ ಪಾದ್ರಿಯ ಮುಂದೆ ಮೊಣಕಾಲೂರಿ ತಮ್ಮ ಪಾಪ ನಿವೇದಿಸಿಕೊಳ್ಳುತ್ತಾರೆ. ದಣಿವಾಯಿತೆಂದು ಪೀಠ ಬಿಡುವುದಕ್ಕೂ ದಾರಿಯುಂಟು. 2013ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಹಾಗೆ ಬಿಟ್ಟರು. ಅದಕ್ಕೆ ಹಿಂದೆ ಸುಮಾರು ಆರುನೂರು ವರ್ಷ ಯಾರೂ ಬಿಟ್ಟಿರಲಿಲ್ಲ.

ಪೋಪರೇ ಯಾತ್ರಿಕರಾಗಿ ಹೊರಟದ್ದು ಈಚಿನ ಸಂಗತಿ. 1964ರ ಡಿಸೆಂಬರಿನಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಪ್ರಸಾದ ಮಹಾಸಮ್ಮೇಳನಕ್ಕೆ ಆರನೆಯ ಪಾಲ್ ಬಂದರು. ಭಾರತದ ನೆಲಕ್ಕೆ ಕಾಲಿಟ್ಟ ಮೊದಲ ಪೋಪರು. ಮದರಾಸಿನಿಂದ ಮುಂಬಯಿಗೆ ಹೋಗುವ ಹಳಿ ವಾಡಿ, ಶಹಾಬಾದಿನ ಮೇಲೆಯೇ ಹಾಯುತ್ತದೆ. ಇಲ್ಲಿ ಓಡಾಡಲೆಂದು ಕೊಟ್ಟಿದ್ದ ದೊಡ್ಡ ಕಾರನ್ನು ಅವರು ಹೋಗುವಾಗ ಮದರ್ ತೆರೇಸಾ ಅವರಿಗೆ ಕೊಟ್ಟುಹೋದರು; ಆ ತಾಯಿ ಅದನ್ನು ಲಾಟರಿಗೆ ಹಾಕಿ ಬಂದ ಹಣವನ್ನು ಕುಷ್ಠರೋಗಿಗಳ ವಸತಿಗೆ ಹಚ್ಚಿದರು. ಇದಾದ ಇಪ್ಪತ್ತೆರಡನೆಯ ವರ್ಷ, 1986ರ ಫೆಬ್ರವರಿಯಲ್ಲಿ, ಎರಡನೆಯ ಜಾನ್ ಪಾಲ್ ಮಂಗಳೂರಿಗೂ ಬಂದರು. ಇನ್ನೊಂದು ಕಡೆ, ಜಗತ್ತಿನ ಬಿಷಪ್ಪರೆಲ್ಲ ಐದು ವರ್ಷಕ್ಕೊಮ್ಮೆ ರೋಮಿಗೆ ಹೋಗಿ ವರದಿ ಒಪ್ಪಿಸಬೇಕೆಂಬ ನಿಯಮವಿದೆ. ಅದರ ಹೆಸರು 'ಹೊಸ್ತಿಲಿಗೆ ಹೋಗುವುದು'. ಯಾರ ಹೊಸ್ತಿಲು? ಪೋಪರದಲ್ಲ, ಪೇತ್ರ, ಪೌಲರ ಗೋರಿಗಳದು. ಮತ್ತೆ ಗೋರಿಯೇ! ಪೀಠಕ್ಕೆ ಗೌರವ ಬಂದದ್ದು ಗೋರಿಯಿಂದ, ಕಲೆ ಬೆಳೆದದ್ದು ಗೋರಿಗೆ ನಡೆದು ಬರುವವರ ದಾರಿಯಲ್ಲಿ. ಪೀಠ ಇದ್ದೂ ಇಲ್ಲದೆಯೂ ಯಾತ್ರೆ ನಡೆದೀತು. ಯಾತ್ರೆಯ ಕಾಲು ನಿಂತರೆ ಮಾತ್ರ ಮೂರ್ತಿಯ ಗತಿಯೇನು?

ಇದಕ್ಕೆ ಉತ್ತರ ರೋಮಿನಲ್ಲಿ ಸಿಗುವುದಿಲ್ಲ, ಚಿತ್ತಾಪುರ ತಾಲ್ಲೂಕಿನಲ್ಲಿ ಸಿಗುತ್ತದೆ.

ಭೀಮಾ ನದಿಯ ದಡದಲ್ಲಿ, ಸನ್ನತಿಯ ಹತ್ತಿರ ಕನಗನಹಳ್ಳಿ ಎಂಬ ಊರಿದೆ. 1994ರಿಂದ ಕೆಲವು ವರ್ಷ ಪುರಾತತ್ವ ಇಲಾಖೆಯವರು ಅಗೆದಾಗ ಅಲ್ಲಿ ಒಂದು ಮಹಾಸ್ತೂಪ ಹೊರಬಿತ್ತು. ಶಾಸನಗಳಲ್ಲಿ ಅದರ ಹೆಸರು 'ಅಧೋಲೋಕ ಮಹಾಚೈತ್ಯ'. ಸ್ತೂಪವೆಂದರೇನು? ಮಹಾತ್ಮನ ಅವಶೇಷದ ನೆನಪಿಗೆ ಕಟ್ಟಿದ ದಿಬ್ಬ. ಅದೂ ಒಂದು ಬಗೆಯ ಸಮಾಧಿಯೇ. ಸುತ್ತಲೂ ನಮ್ಮ ಸೀಮೆಯ ಸುಣ್ಣಕಲ್ಲಿನ ಹಾಸುಬಂಡೆಗಳು; ನಿಮ್ಮ ಅಂಗಳಕ್ಕೆ ಹಾಸಿದ ಶಹಾಬಾದಿ ಪರಸಿಯ ಬಂಧುವೇ ಅದು. ಆ ಬಂಡೆಗಳ ಮೇಲೆ ಬುದ್ಧನ ಕತೆಗಳು, ಶಾತವಾಹನ ರಾಜರು, ಹೂಬಳ್ಳಿಗಳು. ಒಂದು ಬಂಡೆಯ ಮೇಲೆ ಪರಿವಾರದೊಡನೆ ನಿಂತ ಒಬ್ಬ ರಾಜ, ಪಕ್ಕದಲ್ಲಿ ಬ್ರಾಹ್ಮೀ ಲಿಪಿಯಲ್ಲಿ 'ರಾಯ ಅಸೋಕೊ' ಎಂಬ ಬರಹ. ಅಶೋಕನ ಹೆಸರು ಬರೆದ ಅವನ ಚಿತ್ರ ಮೊದಲು ದೊರೆತದ್ದು ಇಲ್ಲಿ. ಇನ್ನೊಂದು ಸಂಗತಿ: ಕೆಲವು ಕಡೆ ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸದೆ ಬರಿಯ ಪಾದ, ಬರಿದಾದ ಆಸನಗಳಿಂದ ಸೂಚಿಸಿದ್ದಾರೆ; ಕೆಲವು ಕಡೆ ಮೂರ್ತಿಯನ್ನೇ ಮಾಡಿದ್ದಾರೆ. ರೋಮಿನ ನೆಲಮಾಳಿಗೆಯ ಸ್ಮಶಾನಗಳಲ್ಲಿ ಆರಂಭದ ಕ್ರೈಸ್ತರು ಮೀನನ್ನೂ ಲಂಗರನ್ನೂ ಗೀಚಿ ಏಸುವನ್ನು ಸೂಚಿಸಿದ್ದು, ಆಮೇಲೆ ಮುಖವನ್ನೇ ಬರೆದದ್ದು ನೆನಪಿಗೆ ಬರುವುದಿಲ್ಲವೆ? ಭಕ್ತಿ ಮೊದಲು ನಾಚಿ ಗುರುತಿನಿಂದ ಮಾತಾಡುತ್ತದೆ, ಆಮೇಲೆ ಮುಖ ನೋಡದೆ ಇರಲಾರೆನೆನ್ನುತ್ತದೆ.

ಕಲೆಯ ಲೆಕ್ಕದಲ್ಲಿ ಕನಗನಹಳ್ಳಿ ಯಾವ ದೇಶದ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ. ಆದರೆ ಅಲ್ಲಿಯ ಭಿಕ್ಷುಸಂಘ ಎಂದೋ ಕರಗಿತು, ಯಾತ್ರಿಕರ ಪ್ರದಕ್ಷಿಣೆ ನಿಂತಿತು, ಮಣ್ಣು ಮುಚ್ಚಿತು. ಅಗೆದು ತೆಗೆದ ಮೇಲೂ ಆ ಬಂಡೆಗಳು ಬಹುಕಾಲ ಬಿಸಿಲು ಮಳೆಗೆ ಬಯಲಲ್ಲೇ ಬಿದ್ದಿದ್ದವು. 2022ರ ಸುಮಾರಿಗೆ ಅವನ್ನು ಎತ್ತಿ ಜೋಡಿಸುವ ಕೆಲಸ ನಡೆಯಿತು. ರೋಮಿನ ಪಿಯೆತಾಕ್ಕೂ ಗಂಡಾಂತರ ಬಂದಿತ್ತು. 1972ರಲ್ಲಿ ತಲೆಕೆಟ್ಟವನೊಬ್ಬ ಸುತ್ತಿಗೆಯಿಂದ ಹೊಡೆದ, ತಾಯಿಯ ತೋಳು ಮುರಿಯಿತು, ಮೂಗು ಒಡೆಯಿತು. ಆದರೆ ಸುತ್ತ ಭಕ್ತರಿದ್ದರು, ಪೀಠವಿತ್ತು. ಚೂರುಗಳನ್ನು ಆಯ್ದು ಜೋಡಿಸಿ, ಗಾಜಿನ ಮರೆಯಲ್ಲಿಟ್ಟರು. ಕನಗನಹಳ್ಳಿಯ ಬುದ್ಧನ ಪರವಾಗಿ ಕೂಗುವವರು ಊರಲ್ಲಿ ಯಾರಿದ್ದರು? ಈಗ ಇರಬೇಕಾದವರು ನೀವೇ. ಬೌದ್ಧರಾಗಬೇಕಾಗಿಲ್ಲ, ಚಿತ್ತಾಪುರ ಸೇಡಂನವರಾಗಿದ್ದರೆ ಸಾಕು.

ಅದೇ ಸನ್ನತಿಯ ಚಂದ್ರಲಾಂಬಾ ದೇವಿಯ ಗುಡಿಗೆ ಮಾತ್ರ ಭಕ್ತರ ಕಾಲು ನಿಂತಿಲ್ಲ. 1980ರ ದಶಕದಲ್ಲಿ ಆ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದು ಬಿತ್ತು. ಅದನ್ನು ಸರಿಪಡಿಸಹೋದಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರ ಕಂಡವು. ಓದಿದರೆ ಅಶೋಕ ಚಕ್ರವರ್ತಿಯ ಶಾಸನ! ಬಂಡೆಯ ನಡುವೆ ಮೂರ್ತಿಯನ್ನು ನಿಲ್ಲಿಸಲು ಹಿಂದೆ ಯಾರೋ ಚೌಕನೆಯ ತೂತು ಕೊರೆದಿದ್ದರು. ಅಷ್ಟು ಅಕ್ಷರ ಹೋದವು. ಉಳಿದ ಬರಹದಲ್ಲಿ ಅಶೋಕನ ಹನ್ನೆರಡನೆಯ ಶಾಸನವೂ ಇದೆ. ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯುವವನು ತನ್ನದಕ್ಕೇ ಕೆಡುಕು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು ಎಂಬುದು ಅದರ ತಾತ್ಪರ್ಯ. ಬೌದ್ಧ ಅರಸನ ಮಾತಿನ ಮೇಲೆ ಶಾಕ್ತರ ದೇವಿ ಶತಮಾನಗಳ ಕಾಲ ನಿಂತಿದ್ದಳು, ಆ ಕಲ್ಲನ್ನು ಕಾಪಾಡಿದ್ದೂ ಅವಳೇ.

ವಾಡಿಯಿಂದ ರಾಯಚೂರಿನ ಕಡೆಯ ಗಾಡಿ ಹತ್ತಿ ನಾಲವಾರದಲ್ಲಿ ಇಳಿದರೆ ಸನ್ನತಿಗೆ ರಸ್ತೆಯುಂಟು. ಬೆಳಿಗ್ಗೆ ಹೊರಟರೆ ದೇವಿಯ ದರ್ಶನವನ್ನೂ ಕನಗನಹಳ್ಳಿಯನ್ನೂ ಮುಗಿಸಿಕೊಂಡು ಸಂಜೆಯ ಹೊತ್ತಿಗೆ ಮನೆ ಸೇರಬಹುದು. ಬೇಸಗೆಯಲ್ಲಾದರೆ ನೀರಿನ ತಂಬಿಗೆ ಮರೆಯಬೇಡಿ. ಸ್ತೂಪದ ಹತ್ತಿರ ನೆರಳು ಕಡಿಮೆ.